ಪಾಚಿ, ಮರಳು, ಬೂದಿ

ಹ್ಯಾಮೆನ್‌ಲಿನ್ನ. ಮಧ್ಯಾಹ್ನ ಮೂರಕ್ಕೇ ಕತ್ತಲು.
ಎನ್ಸಿಯೊ ಮೇಜಿನ ದೀಪ ಬಗ್ಗಿಸುತ್ತಾನೆ.
ನಲವತ್ತು ವರ್ಷ ಊರವರ ಹಲ್ಲು ಕಟ್ಟಿದ ಕೈ;
ಈಗ ಅಂಗೈಯಗಲದ ಟ್ಯಾಂಕು,
ಮೂರು ಕೂದಲಿನ ಕುಂಚ.

ಮೊದಲು ಪಾಚಿಹಸಿರು. ಮೇಲೆ ಮರಳುಕಂದು.
ಅಂಚು ಮಸುಕಾಗಕೂಡದು.
ಮೂರನೆಯದು ಬೂದು.
ಎಷ್ಟು ಬೂದು?
ಇರುವ ಫೋಟೋ ಒಂದೇ, ಕಪ್ಪು ಬಿಳುಪು,
ಅದರಲ್ಲಿ ಹಿಮವೂ ಬೂದು,
ನಗುವ ಹುಡುಗರ ಹಲ್ಲೂ ಬೂದು.

ಒಂಬತ್ತು ಬಗೆ ಬೆರೆಸಿ, ಹಾಲಿನ ಡಬ್ಬದ ರಟ್ಟಿನ ಮೇಲೆ
ಒಂಬತ್ತು ಬೊಟ್ಟಿಟ್ಟು
ಅರ್ಮಾಸ್ ಅಜ್ಜನ ಮುಂದೆ ಹಿಡಿದ.
ಈ ಗಾಡಿ ಓಡಿಸಿದವನು ಅವನೇ,
ಫೋಟೋದಲ್ಲಿ ಎಡದಿಂದ ಎರಡನೆಯವ.

ಅಜ್ಜ ಸಕ್ಕರೆಯುಂಡೆ ಕಾಫಿಗದ್ದಿ
ದವಡೆಗೆ ಒತ್ತರಿಸಿ
(ಆ ದವಡೆಯೂ ಎನ್ಸಿಯೊ ಕಟ್ಟಿದ್ದೇ)
ತುಂಬ ಹೊತ್ತು ನೋಡಿದ.
"ನನಗೇನು ಗೊತ್ತು ಮಾರಾಯ,
ನಾನು ಒಳಗಿದ್ದೆ.
ಒಳಗೆ ಬಿಳಿ. ಕೆನೆಗಟ್ಟಿದಂಥ ಬಿಳಿ.
ಅದರ ಮೇಲೆ ಎಣ್ಣೆ, ಹೊಗೆ,
ಪೆಂಟ್ಟಿಯ ಕೈಗುರುತು.
ಹೊರಗಿನದನ್ನು ಕಣ್ಣಿಟ್ಟು ನೋಡಿದವರು
ಆಚೆ ದಂಡೆಯವರು.
ಅವರನ್ನು ಕೇಳು."

ನಕ್ಕ, ಕೆಮ್ಮಿದ. ಟ್ಯಾಂಕನ್ನೆತ್ತಿ
ಉಗುರಗಲದ ಮುಚ್ಚಳ ತೆರೆದು
ಒಂದು ಕಣ್ಣು ಮುಚ್ಚಿ ಇಣುಕಿದ:
"ಇಲ್ಲಿ ಬಳಿದೇ ಇಲ್ಲವಲ್ಲ!"

ಅಂಟು ಒಣಗಿ ವಾರವಾಗಿದೆ.
ಕುಂಚ ಒಳಗೆ ಹೋಗುತ್ತದೆ, ಕೈ ತಿರುಗುವುದಿಲ್ಲ.

ಅಜ್ಜ ಹೋದ ಮೇಲೆ ಎನ್ಸಿಯೊ
ಹಳೆಯ ಪೆಟ್ಟಿಗೆ ತಡಕಿ
ಕಡೆಹಲ್ಲು ನೋಡುವ ಪುಟ್ಟ ಕನ್ನಡಿ ತೆಗೆದ.
ಬೂದು ಯಾವುದೆಂದು ಇನ್ನೂ ತಿಳಿಯದು.
ಬಿಳಿಯಲ್ಲಿ ಎಷ್ಟು ಬಿಳಿಗಳಿವೆಯೆಂದು
ಈ ಕೈಗೆ ಗೊತ್ತು.

ಬಾಯಿ ತೆರೆದು ಕೂತಿದೆ ಟ್ಯಾಂಕು.