ಸವೆತಕ್ಕೆ ಅನ್ವಯಿಸದು

ಥಂಡರ್ ಬೇ. ಫೆಬ್ರವರಿ. ಸೊನ್ನೆಗಿಂತ ಮೂವತ್ತೊಂದು ಕೆಳಗೆ.
ಗಾಜಿನಾಚೆ ಮಾರಾಟದ ಹಳೆ ಕಾರುಗಳೆಲ್ಲ
ಮೂತಿಯಿಂದ ವೈರು ಇಳಿಬಿಟ್ಟುಕೊಂಡು
ಕರೆಂಟು ಕುಡಿಯುತ್ತ ನಿಂತಿವೆ,
ಸಾಲಾಗಿ ಕಟ್ಟಿದ ಕರುಗಳ ಹಾಗೆ.

ಒಳಗೆ ಗ್ರೆಗ್ ಪಾವ್ಲುಕ್ ಕಾಗದ ಹರಡುತ್ತಾನೆ:
ಕಂಚು, ಬೆಳ್ಳಿ, ಬಂಗಾರ.
ಕಂಚಿಗೆ ಎಂಜಿನ್ನು, ಗೇರುಪೆಟ್ಟಿಗೆ.
ಬೆಳ್ಳಿಗೆ ಅದರ ಮೇಲೆ ಸ್ಟೀರಿಂಗು, ಹೀಟರು.
ಬಂಗಾರಕ್ಕೆ ಎಲ್ಲ.
'ಹೆಚ್ಚುಕಡಿಮೆ ಎಲ್ಲ' ಎಂದು ತಿದ್ದಿಕೊಂಡ.
ಏಳು ವರ್ಷ, ಮೂರು ಸಾವಿರದ ಇನ್ನೂರು ಡಾಲರು,
ಲೆಕ್ಕ ಹಾಕಿದರೆ ದಿನಕ್ಕೊಂದು ಕಾಫಿಯ ದುಡ್ಡೂ ಅಲ್ಲ.
ನಾವು ಕಾಫಿ ಮನೆಯಲ್ಲೇ ಕಾಸುತ್ತೇವೆ ಎಂದೆ.
'ಸರಿ, ಆದರೆ ಇಂಥ ಚಳಿಯಲ್ಲಿ ಕಾರು ಕೈಕೊಟ್ಟರೆ?'

ಕೈಕೊಟ್ಟರೆ.
ಆ ಮಾತು ಮೇಜಿನ ಮೇಲೆ ಬಿದ್ದು ಅಲ್ಲೇ ಇತ್ತು,
ಯಾರೂ ಎತ್ತಲಿಲ್ಲ.

ನಲವತ್ತೊಂದು ವರ್ಷ ನಾವು ಇಂಥ ಕಾಗದ ಮುಟ್ಟಿದವರಲ್ಲ.
ಎಂಟು ಕಾರು, ಒಂದು ಟ್ರಕ್ಕು, ಅತ್ತೆಯ ಹೊಲಿಗೆ ಯಂತ್ರ,
ಚರ್ಚಿನ ಬಾಯ್ಲರು ಕೂಡ
ಟೌನೊ ಕೈಯಿಟ್ಟರೆ ಮತ್ತೆ ಉಸಿರೆಳೆಯುತ್ತಿದ್ದವು.
ಕೈಗುಣ ಅನ್ನುತ್ತಿದ್ದರು ಜನ.
ರಾತ್ರಿ ಎರಡಕ್ಕೆ ಫೋನು: ನಿಪಿಗನ್ ಹತ್ತಿರ ನಿಂತುಬಿಟ್ಟಿದೆ, ಮಗು ಇದೆ.
ನಾನು ಬಯ್ಯುತ್ತ ಫ್ಲಾಸ್ಕು ತುಂಬುತ್ತಿದ್ದೆ.

ಈಗ ಆ ಕೈಗಳನ್ನು ತೊಡೆಯಡಿ ಇಟ್ಟು ಕೂತಿದ್ದಾನೆ,
ಶಾಲೆಯಲ್ಲಿ ತಪ್ಪು ಮಾಡಿದ ಹುಡುಗನ ಹಾಗೆ.
ಹೋದ ಅಕ್ಟೋಬರಿನಲ್ಲಿ ಒಂದು ಸ್ಪಾರ್ಕ್ ಪ್ಲಗ್ಗು
ಮೂರು ಸಲ ಜಾರಿತು ಅವನ ಬೆರಳಿಂದ.
ನಾಲ್ಕನೆಯ ಸಲ ಎತ್ತಿಕೊಡಲು ನಾನು ಬಗ್ಗಿದೆ.
ಅವನು ಗ್ಯಾರೇಜಿನ ದೀಪ ಆರಿಸಿದ.

'ಸಣ್ಣಕ್ಷರ ಓದು ಐಲಿ.'
ಅಷ್ಟು ಹೊತ್ತಿಗೆ ಅವನ ಮೊದಲ ಮಾತು.
ಓದಿದೆ. ಅನ್ವಯಿಸದು: ಬ್ರೇಕ್ ಪ್ಯಾಡಿಗೆ, ಬೆಲ್ಟಿಗೆ,
ಸೀಲಿಗೆ, ಗ್ಯಾಸ್ಕೆಟ್ಟಿಗೆ, ತುಕ್ಕಿಗೆ,
ಮತ್ತು ಕಾಲಕ್ರಮದಲ್ಲಿ ಸಹಜವಾಗಿ ಸವೆಯುವ ಯಾವುದೇ ಭಾಗಕ್ಕೆ.

ಟೌನೊ ನಕ್ಕ.
'ಗ್ರೆಗ್, ಈ ಊರಲ್ಲಿ ಕಾರು ಸಾಯುವುದೇ
ಹಿಮ ಕರಗಲೆಂದು ನೀವು ರಸ್ತೆಗೆ ಎರಚುವ ಉಪ್ಪಿಗೆ.
ಉಪ್ಪು ತಿಂದ ಕಬ್ಬಿಣ ನೀರು ಕುಡಿಯಲೇಬೇಕು.
ಅದಕ್ಕೆ ಬಂಗಾರ ಏನು ಮಾಡೀತು?'

ಗ್ರೆಗ್ ಕೆಂಪಾದ. ಅವನ ಅಪ್ಪನ ಟ್ರಕ್ಕಿಗೆ
ಟೌನೊ ಸಾಲದಲ್ಲಿ ಕ್ಲಚ್ಚು ಹಾಕಿಕೊಟ್ಟಿದ್ದು
ಅವನಿಗೆ ಗೊತ್ತೋ ಇಲ್ಲವೋ.
ಬಾಗಿಲು ಮುಚ್ಚಿ ಬಂದು ದನಿ ಇಳಿಸಿದ:
'ಕಂಚು ಸಾಕು. ಆದರೆ ಅದನ್ನಾದರೂ ತಗೊಳ್ಳಿ.
ಗೇರುಪೆಟ್ಟಿಗೆ ಬಿಚ್ಚುವುದು ಈಗ—'
ಎಂದವನು ಟೌನೊನ ತೊಡೆಯತ್ತ ನೋಡಿ
ಪೆನ್ನು ಹುಡುಕತೊಡಗಿದ.

ಸಹಿ ಎರಡು ಬೇಕಂತೆ.
ಅವನ ಹೆಸರು ಗೆರೆಯ ಮೇಲೆ ಏರಿ, ಇಳಿದು,
ಕಾಗದದ ಅಂಚು ದಾಟಿ
ಮೇಜಿನ ಮೇಲೂ ಅಷ್ಟು ಬಿತ್ತು.

ಮನೆಯ ದಾರಿ. ರೇಡಿಯೊ ಆರಿಸು ಅಂದ. ಫ್ಯಾನನ್ನೂ.
ಕತ್ತು ಓರೆ ಮಾಡಿ ಕೇಳಿಸಿಕೊಂಡ,
ಬೇರೆ ಕೋಣೆಯಲ್ಲಿ ತನ್ನ ಹೆಸರೆತ್ತಿದವರನ್ನು ಕೇಳುವಂತೆ.
'ಎಡ ಮುಂದಿನ ಚಕ್ರ. ಬೇರಿಂಗು.'
ನನಗೆ ಕೇಳಿದ್ದು ಟೈರಿನಡಿಯ ಹಿಮ ಮಾತ್ರ.
'ಬಲಕ್ಕೆ ತಿರುಗಿಸು. ಹ್ಞಾಂ, ಈಗ.'

ಮುಚ್ಚಿದ ಅಂಗಡಿಯೊಂದರ ಖಾಲಿ ಅಂಗಳದಲ್ಲಿ
ಬಲಕ್ಕೆ, ಬಲಕ್ಕೆ, ಸುತ್ತಿದೆವು,
ಗಾಣದ ಎತ್ತಿನ ಹಾಗೆ,
ಪೆಟ್ರೋಲಿನ ಲೆಕ್ಕ ಬಿಟ್ಟು.
ಕೊನೆಗೆ ಕೇಳಿತು:
ಎಲ್ಲೋ ಆಳದಲ್ಲಿ ಜೇನ್ನೊಣ ಸಿಕ್ಕಿಕೊಂಡ ಹಾಗೆ.

'ಇದು ಕಂಚಿಗೆ ಸೇರುತ್ತದೆಯೇ?'
'ಇಲ್ಲ. ಮೇ ಬರಲಿ.
ನಾನು ಹೇಳುತ್ತೇನೆ, ನೀನು ತಿರುಗಿಸು.'

'ಕೊಳ್ಳುವ ಮುಂಚೆಯೇ ಕೇಳಿಸಿತ್ತಲ್ಲವೇ ನಿನಗೆ?
ಅಲ್ಲೇ ಹೇಳಬಾರದಿತ್ತೇ?'

ಕಿಟಕಿಯ ಮಂಜನ್ನು ತೋಳಿನಿಂದ ಒರೆಸಿದ.
'ಹೇಳಿದ್ದರೆ
ಅವರೇ ಹಾಕಿಕೊಟ್ಟುಬಿಡುತ್ತಿದ್ದರು.'