ಗಾಳಿಯ ತೂಕ

ಅಜ್ಮಾನಿನಲ್ಲಿ ನಿನಗೇನು ಕೆಲಸ ಎಂದು ಕೇಳಿದವರು
ಉತ್ತರ ಕೇಳಿ ನಗುತ್ತಾರೆ:
ಬಲದಿಯಾದ ಲೆಕ್ಕಕ್ಕೆ ನಾನು ಗಾಳಿ ತೂಗುತ್ತೇನೆ.

ಶಾಲೆಯ ತಾರಸಿಯಲ್ಲಿ, ನೀರಿನ ಟ್ಯಾಂಕಿನ ಪಕ್ಕ
ಪಾರಿವಾಳದ ಗೂಡಿನಂಥ ಒಂದು ಪೆಟ್ಟಿಗೆ.
ಅದರ ಬಾಯಲ್ಲಿ ಹಪ್ಪಳದಷ್ಟು ದುಂಡಗಿನ ಬಿಳಿ ಕಾಗದ,
ದಿನಕ್ಕೊಂದು.
ಚಿಮಟದಲ್ಲಿ ಹಿಡಿಯಬೇಕು, ಬೆರಳು ತಾಗಬಾರದು.
ಬೆರಳಿನ ಬೆವರಿಗೂ ತೂಕವಿದೆ
ಎಂದು ನನಗೆ ಗೊತ್ತಾದದ್ದು ಈ ಊರಲ್ಲೇ.

ಇಪ್ಪತ್ತನಾಲ್ಕು ಗಂಟೆ ಅದು ಉಸಿರೆಳೆಯುತ್ತದೆ,
ಎಳೆದದ್ದನ್ನು ಹಿಡಿದಿಟ್ಟುಕೊಳ್ಳುತ್ತದೆ.
ಶಮಾಲ್ ಬೀಸಿದ ಮಾರನೆಯ ದಿನ ಕಾಗದ ಕಂದು,
ಚಹಾ ಸೋಸಿದ ಬಟ್ಟೆಯ ಹಾಗೆ.
ಲಾರಿಗಳು ಸಾಲುಗಟ್ಟಿದ ಮಾರನೆಯ ದಿನ ಕಪ್ಪು,
ಕಾವಲಿಯ ತಳದ ಹಾಗೆ.
ಎರಡೂ ಕಲಸಿಹೋದ ದಿನಗಳೇ ಹೆಚ್ಚು.

ಇಂಜಿನಿಯರ್ ಮೌಝಾ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು
"ಕಂದು ಮರುಭೂಮಿಯದ್ದು,
ನೋಟಿಸು ಕಳಿಸೋಣವೆಂದರೆ ವಿಳಾಸವಿಲ್ಲ.
ಕಪ್ಪಿಗೆ ವಿಳಾಸವಿದೆ" ಎನ್ನುತ್ತಾಳೆ.
ಅವಳ ಮುತ್ತಜ್ಜ ಮುತ್ತು ತೂಗುತ್ತಿದ್ದನಂತೆ.
ಆ ಪುಟ್ಟ ತಕ್ಕಡಿ ಈಗ ಅವಳ ಮೇಜಿನ ಮೇಲೆ;
ಒಂದು ತಟ್ಟೆಯಲ್ಲಿ ಗುಂಡುಪಿನ್ನು, ಇನ್ನೊಂದರಲ್ಲಿ ಕ್ಲಿಪ್ಪು.

ಮೂರು ಸಭೆ. ಖರ್ಜೂರ, ಗಹ್ವಾ, ಪ್ರೊಜೆಕ್ಟರು.
ರೆಡಿಮಿಕ್ಸಿನ ಮ್ಯಾನೇಜರು: "ಅದು ಹಡಗು ಯಾರ್ಡಿನ ಧೂಳು."
ಯಾರ್ಡಿನವರು: "ಅಲ್ಲ, ಡೀಸೆಲ್ಲಿನ ಹೊಗೆ."
ಲಾರಿ ಮಾಲೀಕ: "ರಸ್ತೆ ನಿಮ್ಮದೇ ಅಲ್ಲವೇ?"
ನಾಲ್ಕನೆಯದರಲ್ಲಿ ಮೌಝಾ ಬಾಯಿ ಬಿಡಲಿಲ್ಲ,
ಒಂದು ತಿಂಗಳ ಮೂವತ್ತು ಕಾಗದಗಳನ್ನು
ಇಸ್ಪೀಟಿನ ಹಾಗೆ ಮೇಜಿನ ತುಂಬ ಹರಡಿದಳು.
ಬೆಳ್ಳಗೆ ಉಳಿದದ್ದು ನಾಲ್ಕೇ. ನಾಲ್ಕೂ ರಜೆಯ ದಿನದವು.
ಗಹ್ವಾ ಆರಿಹೋಯಿತು.

ಆದೇಶ ಹೊರಟಿತು:
ಶಾಲೆಯ ಹೊತ್ತಿಗೆ ಲಾರಿ ಬರಕೂಡದು, ಜಲ್ಲಿಯ ಮೇಲೆ ಟಾರ್ಪಾಲು,
ಹಡಗಿನ ತುಕ್ಕು ಕೆರೆಯುವುದು ಶೆಡ್ಡಿನೊಳಗೆ,
ಬಾಗಿಲು ಮುಚ್ಚಿ, ರಾತ್ರಿ ಮಾತ್ರ.

ತುಕ್ಕು ಕೆರೆಯುವವನು ನನ್ನ ಮೇಲಿನ ಮಂಚದ ಪುತ್ತುಮೋನು.
ಉಳ್ಳಾಲದವನು, ಜಗಳಕ್ಕೂ ನಗುವಿಗೂ ಒಂದೇ ದನಿ.
"ನಿನ್ನ ಹಪ್ಪಳ ನನ್ನ ನಿದ್ದೆ ತಿಂದಿತಲ್ಲ ಮಾರಾಯ" ಎಂದ.
ಹಗಲು ಅವನು ಕಣ್ಣು ಮುಚ್ಚಿದರೆ
ಪಕ್ಕದ ಕೋಣೆಯವರ ಒಗ್ಗರಣೆ ಸಿಡಿಯುತ್ತದೆ.

ತಾರಸಿಯ ಕಾಗದ ವಾರದಿಂದ ವಾರಕ್ಕೆ ತಿಳಿಯಾಯಿತು.
ಪ್ರಾಂಶುಪಾಲರು ಫೋನು ಮಾಡಿ ಧನ್ಯವಾದ ಹೇಳಿದರು,
ಆಟದ ಪೀರಿಯಡ್ಡು ಮತ್ತೆ ಬಯಲಿಗೆ ಬಂತು.
ತಿಳಿಯಾಗದೆ ಉಳಿದದ್ದು
ಬಚ್ಚಲ ಮೊಳೆಗೆ ನೇತುಹಾಕಿದ ಪುತ್ತುಮೋನುವಿನ ಕರವಸ್ತ್ರ.

ಒಂದು ಸಂಜೆ ಯಾರೂ ಇಲ್ಲದಾಗ
ಅದನ್ನು ಒಯ್ದು ತೂಕದ ಯಂತ್ರದಲ್ಲಿಟ್ಟೆ.
ಧೂಳಿನ ಕಣ ತೂಗುವ ಯಂತ್ರ,
ಬಟ್ಟೆಯ ಭಾರಕ್ಕೇ ಕೈಚೆಲ್ಲಿತು:
ಪರದೆಯ ಮೇಲೆ ಅಂಕಿಯಿಲ್ಲ, ಬರೀ ಗೆರೆ.
ಬೆನ್ನ ಹಿಂದೆ ಮೌಝಾ. "ಯಾವ ಸ್ಟೇಷನ್ನಿನದು?"
"ಹದಿನಾಲ್ಕನೆಯ ಕೋಣೆಯದು."

ಅವಳು ನಗಲಿಲ್ಲ.
"ಶೆಡ್ಡಿನ ಒಳಗಿನ ಗಾಳಿ ನಮ್ಮದಲ್ಲ.
ಬಾಗಿಲು ದಾಟಿತೆಂದರೆ ಇಲಾಖೆ ಬೇರೆ" ಎಂದಳು,
ತುಂಬ ಹೊತ್ತು ಕ್ಲಿಪ್ಪುಗಳನ್ನು ಆ ತಟ್ಟೆಯಿಂದ ಈ ತಟ್ಟೆಗೆ ಹಾಕಿದಳು.
ಆಮೇಲೆ ಕಪಾಟಿನಿಂದ ಒಂದು ಹಳೆಯ ಪಂಪು ತೆಗೆದಳು,
ಸೊಂಟದ ಪಟ್ಟಿಗೆ ಸಿಕ್ಕಿಸುವಂಥದ್ದು.
"ರಿಪೇರಿಗೆ ಹೋಗಿದೆ ಎಂದು ಬರೆದುಕೋ.
ಆ ಇಲಾಖೆಯಲ್ಲಿ ನನ್ನ ಚಿಕ್ಕಮ್ಮನ ಮಗನಿದ್ದಾನೆ.
ಪತ್ರ ಓದುವುದಿಲ್ಲ; ಬಣ್ಣ ನೋಡುತ್ತಾನೆ."

ಇವತ್ತು ಬೆಳಗಿನ ಐದೂವರೆಗೆ ಕೋಣೆಯ ಬಾಗಿಲು ತೆರೆಯಿತು.
ರೆಪ್ಪೆಯವರೆಗೂ ಮಸಿ,
ಒಂದು ಕೈಯಲ್ಲಿ ನನ್ನ ಚಿಮಟ,
ಇನ್ನೊಂದರಲ್ಲಿ ತೊಳೆದ ಟಿಫಿನ್ ಡಬ್ಬಿ,
ದೀಪ ಹಿಡಿದು ಗಾಳಿಗೆ ಅಡ್ಡನಿಂತವನ ನಡಿಗೆ.

"ಬೆರಳು ತಾಗಿಸಿಲ್ಲ" ಎಂದ ಪುತ್ತುಮೋನು.