ಕುಂದರ್ರಿ

ಜಮಖಂಡಿ, ಹನುಮಾನ ಚೌಕಿನ ಹಿಂದ,
ಹಿಟ್ಟಿನ ಗಿರಣಿ ಬಾಜೂಕ ನನ್ನ ಅಂಗಡಿ.
ಎರಡು ಖುರ್ಚಿ, ಒಂದು ಬಾಕು, ಎದುರಾಬದುರಾ ಕನ್ನಡಿ.
ಮೂವತ್ತೊಂದು ವರ್ಷ
ಬಾಗಲಕ್ಕ ಬಂದವರಿಗೆಲ್ಲಾ ನಾ ಅಂದದ್ದು ಒಂದ ಮಾತು:
ಕುಂದರ್ರಿ.

ವಕೀಲರಿಗೆ ಅಂದೆ, ಅಳೋ ಕೂಸಿಗೆ ಅಂದೆ,
ನಾಳೆ ಮದುವಿ ಅಂತ ಬೆವತ ಹುಡುಗಗ ಅಂದೆ.
ನನಗ ನಾ ಅಂದಿರಲಿಲ್ಲ.

ಎಡಗಾಲಿನ ಮೀನಖಂಡದ ಮ್ಯಾಲ
ಹಸಿರು ನರಾ ಗಂಟು ಕಟ್ಟಿ ಕುಂತಾವು,
ಯಾವ ಹಣಿಗಿಗೂ ಬಿಡದ ಸಿಕ್ಕು.
ಸಂಜೀಕ ಕಾಲು ಜೋಳದ ಚೀಲ.
ರಾತ್ರಿ ಸೆಳತ ಬಂದ್ರ ಎದ್ದು ಗ್ವಾಡಿ ಹಿಡೀತಿದ್ದೆ.

ಸರಕಾರಿ ದವಾಖಾನಿ ಡಾಕ್ಟರಬಾಯಿ, ಸಣ್ಣ ವಯಸ್ಸು,
"ದಿನಾ ಎಷ್ಟು ತಾಸು ನಿಂದರತೀರಿ?" ಅಂದಳು.
ತಾಸಿನ ಲೆಕ್ಕ ನನಗೆಲ್ಲಿಂದ?
ತಲಿ ಲೆಕ್ಕ ಹೇಳಿದೆ: ಹದಿನೆಂಟು ತಲಿ,
ಐತವಾರ ನಲವತ್ತು,
ಗಡ್ಡ ಬ್ಯಾರೆ.

ನಗಲಿಲ್ಲ ಆಕಿ. ಚೀಟಿ ಹಿಂದ ಗೀಟು ಎಳದು ತೋರಿಸಿದಳು:
ನರದೊಳಗ ಸಣ್ಣ ಸಣ್ಣ ಕದಾ ಅದಾವಂತ,
ಮ್ಯಾಲ ಏರಿದ ರಕ್ತ ಕೆಳಗ ಹೊಳ್ಳಬಾರದಂತ.
ನಿಂತು ನಿಂತು ಕದಾ ಸಡಲ ಆಗ್ಯಾವು,
ಕೆನಾಲಿನ ಹಳೇ ಗೇಟಿನಂಗ ಸೋರತಾವು.
"ಎದಿ ಒಂದ ನೂಕಿದ್ರ ಸಾಲೂದಿಲ್ಲ, ಮೀನಖಂಡಾನೂ ನೂಕಬೇಕು.
ಅದು ಆಡಿದ್ರಷ್ಟ ನೂಕತದ."

ಮೀನಖಂಡ!
ಹೆಸರಿಟ್ಟಾಂವ ಶಾಣ್ಯಾ ಇದ್ದ.
ಮೀನಾ ಒಂದ ಕಡೆ ನಿಲ್ಲಿಸಿ ಸಾಕಿದವರು ಯಾರದಾರ?

ಆವತ್ತಿನಿಂದ
ಬ್ರಶ್ಶಿನಾಗ ನೊರಿ ಏಳೋತನಾ
ಹಿಮ್ಮಡ ಎತ್ತತೀನಿ, ಇಳಸತೀನಿ, ಇಪ್ಪತ್ತು ಸರತಿ.
ಕನ್ನಡಿಯಾಗ ನನ್ನ ತಲಿ ಏರೋದು ಇಳಿಯೋದು ಕಂಡು
ಗಿರಣಿ ದುಂಡಪ್ಪ ಕೇಳಿದ,
"ಏನೋ ಚನಮಲ್ಲ, ಗ್ವಾಡಿ ಆಚಿಗೆ ಯಾರನ್ನ ಇಣುಕಾಕತ್ತಿ?"
ಗಲ್ಲಕ್ಕ ಕತ್ತಿ ಹಚ್ಚಿದೆ, ತಾನ ಸುಮ್ಮನಾದ.

ಒಂದು ತಲಿ ಮುಗದ್ರ ಚಾದ ಅಂಗಡಿತನಾ ನಡೀತೀನಿ,
ಚಾ ಕುಡಿಯಾಕ ಅಲ್ಲ,
ಹೊಳ್ಳಿ ಬರಾಕ.

ಬೆಳಿಗ್ಗೆ ಹಾಸಿಗಿ ಬಿಡೂಕಿಂತ ಮೊದಲ ಬಿಗಿ ಕಾಲಚೀಲ.
ಹಾವು ತಾ ಬಿಟ್ಟ ಪರಿ ಹೊಳ್ಳಿ ಹಾಕ್ಕೊಂಡಂಗ.
ಏಪ್ರಿಲ್ ಬಿಸಲಿಗೆ ಎರಡು ದಿನಾ ಬಿಚ್ಚಿ ಒಗದಿದ್ದೆ, ಖರೇ ಹೇಳತೀನಿ.
ಮೂರನೇ ದಿನಾ ಕಾಲ ಹೇಳಿತು, ಹಾಕ್ಕೊ ಅಂತ.

ತಂಗೆವ್ವ ಹೊರಸಿನ ಕಾಲದೆಸಿಗೆ
ಮನಿ ಕಟ್ಟಿ ಉಳದ ಎರಡು ಇಟ್ಟಂಗಿ ಕೊಟ್ಟಳು.
"ರಕ್ತಕ್ಕ ಇಳಕಲಾ ಮಾಡಿಕೊಡು,
ಮನಿ ದಾರಿ ತಾನ ಹುಡಕತದ" ಅಂದಳು.
ಮೊದಲ ರಾತ್ರಿ ತಲಿದಿಂಬಿನ ಕಡೆ ಜಾರಿ ಜಾರಿ ಬಂದೆ.
ಆಕಿ ನಕ್ಕಿದ್ದು ಬಾಜೂಮನಿಗೆ ಕೇಳಿರಬೇಕು.

ಅಪ್ಪನ ಕಾಲು ನೆನಪಾಗತಾವ.
ಒಣಕಲ ಕಾಲು, ಒಂದು ನರಾ ಉಬ್ಬಿರಲಿಲ್ಲ.
ಬಗಲಾಗ ಪೆಟ್ಟಿಗಿ, ಊರಿಂದ ಊರಿಗೆ ನಡದಾಂವ.
ಗೌಡರು ಕಟ್ಟಿ ಮ್ಯಾಲ,
ಅಪ್ಪ ಕೆಳಗ, ಮಣ್ಣಾಗ, ಕುಕ್ಕರಗಾಲಿಲೆ.
ಮ್ಯಾಲ ಕುಂದ್ರು ಅಂತ ಯಾರೂ ಅನ್ನಲಿಲ್ಲ.
ಅದನ್ನ ನೋಡಿ ಬೆಳದಾಂವ ನಾ,
ಅಂಗಡಿ ತೆರದ ದಿನಾ ಆಣಿ ಮಾಡಿದ್ದೆ:
ನೆಲಕ್ಕ ಕುಂದ್ರೂದಿಲ್ಲ, ನಿಂತ ಮಾಡತೀನಿ.
ನಿಂತದ್ದು ಮಾನಕ್ಕ.
ಕಾಲಿಗೆ ಆ ಸುದ್ದಿ ಗೊತ್ತಿರಲಿಲ್ಲ.

ಮಧ್ಯಾಹ್ನ ಎರಡು. ಶಟರ್ ಅರ್ಧಾ ಎಳದು
ಗಿರಾಕಿ ಖುರ್ಚಿಯಾಗ ನಾನ ಕುಂತೆ.
ಖುರ್ಚಿ ಹಿಂದಕ್ಕ ವಾಲಿಸಿ, ಪೌಡರ್ ಡಬ್ಬಿ ಸರಿಸಿ,
ಕನ್ನಡಿ ಕೆಳಗಿನ ಹಲಗಿ ಮ್ಯಾಲ ಎರಡೂ ಕಾಲು.
ಮುಂದಿನ ಕನ್ನಡಿಯಾಗ ಹಿಂದಿನ ಕನ್ನಡಿ,
ಅದರಾಗ ಇನ್ನೊಬ್ಬ ಚನಮಲ್ಲ, ಅವನ ಹಿಂದ ಮತ್ತೊಬ್ಬ,
ಸಾಲಿಗೆ ಸಾಲು, ಎಲ್ಲಾರೂ ಕುಂತಾರ.

ಶಟರ್ ಕೆಳಗ ಬಗ್ಗಿ ಬಂದಾಂವ
ಅದ ಗೌಡರ ಮೊಮ್ಮಗ, ಈಗರೆ ಮೀಸಿ ಚಿಗತಾವ.
ನಾ ಗಡಬಡಿಸಿ ಕಾಲು ಇಳಸಾಕ ಹೋದೆ.
"ಕುಂದರ್ರಿ ಕಾಕಾ, ಕುಂದರ್ರಿ," ಅಂದ,
ಪೇಪರ್ ತಗೊಂಡು ಬಾಕಿನ ಮ್ಯಾಲ ಕುಂತು
ನಡುವಿನ ಪುಟ ಓದಾಕ ಹತ್ತಿದ.

ಏನ ಅನಬೇಕು ತಿಳೀಲಿಲ್ಲ.
ಎಡಗಾಲಿನ ಬಟ್ಟು ಮಡಚಿದೆ, ಬಿಡಿಸಿದೆ.
ಕಾಲಚೀಲದೊಳಗ ಮೀನಾ
ಒಂದು ಸಲ ಹೊಳ್ಳಿತು.